ಹಳೆಯ ತೋಪುಗಳ ಕಾಲನಿರ್ಣಯ: ಪ್ರಮಾಣಗಳ ಒಂದು ವಿಮರ್ಶೆ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಂಚರಿಸತಕ್ಕವರಿಗೆ ಊರ ಹೊರವಲಯದ ಒಂದು ದೃಶ್ಯವು ಚಿರಪರಿಚಿತವಾದುದು. ಉತ್ತ ಹೊಲಗಳ ನಡುವೆ ಐದಾರು ಹೆಮ್ಮರಗಳು, ಮಾವೋ ಹುಣಸೆಯೋ, ಒಂದಕ್ಕೊಂದು ಸಂಬಂಧವಿಲ್ಲದಂತೆ ದೂರದೂರ ನಿಂತಿರುತ್ತವೆ. ಒಂದು ಮರದ ಬುಡದಲ್ಲಿ ನಿಂತು ಕಣ್ಣಳತೆಯಿಂದ ನೋಡಿದರೆ ಮಿಕ್ಕ ಮರಗಳು ಒಂದೇ ಗೆರೆಯ ಮೇಲೆ ಬರುತ್ತವೆ. ನಡುವಣ ತೆರಪುಗಳು ಹೆಚ್ಚುಕಡಮೆ ಒಂದೇ ಅಳತೆಯ ಮಡಿಗಳಾಗಿ ತೋರುತ್ತವೆ. ಇದು ತಾನಾಗಿ ಬೆಳೆದ ಮರಗಳ ಗುಂಪಲ್ಲ, ಯಾರೋ ಹಗ್ಗ ಹಿಡಿದು ನೆಟ್ಟ ತೋಪಿನ ಶೇಷ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸಂದೇಹವು ಹುಟ್ಟುವುದು ಇದರ ಮುಂದಿನ ಪ್ರಶ್ನೆಯಲ್ಲಿ. ಈ ತೋಪು ಯಾವ ಕಾಲದ್ದು?

ಈ ಪ್ರಶ್ನೆಗೆ ನಮ್ಮ ಸ್ಥಳಚರಿತ್ರೆಗಳು ಕೊಡುತ್ತ ಬಂದಿರುವ ಉತ್ತರಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಉತ್ತರಗಳು ಬಹುಮಟ್ಟಿಗೆ ಎರಡೇ ಬಗೆಯವು. ಪೂರ್ವದ ಜಿಲ್ಲೆಗಳಲ್ಲಿ ತೋಪು ಚೋಳರದು. ಮಿಕ್ಕೆಡೆಗಳಲ್ಲಿ ಅದು ಟಿಪ್ಪು ಸುಲ್ತಾನನದು. ಇಂತಹ ಐತಿಹ್ಯಗಳನ್ನು ಹಳ್ಳಿಗರು ಹೇಳಿದರೆ ಅದು ಅವರ ಹಕ್ಕು. ಆದರೆ ಇತಿಹಾಸಕಾರರೆನಿಸಿಕೊಂಡವರೂ ಅದನ್ನೇ ಬರೆದು, ಮರದ ಸುತ್ತಳತೆಯನ್ನು ಆಧಾರವಾಗಿ ತೋರಿಸುವಾಗ ಆಕ್ಷೇಪಿಸುವುದು ಅವಶ್ಯಕವಾಗುತ್ತದೆ. ಈ ಲೇಖಕನ ಅಭಿಪ್ರಾಯದಲ್ಲಿ ಇಲ್ಲಿ ಮೂರು ಬೇರೆಬೇರೆ ವಯಸ್ಸುಗಳನ್ನು ಒಂದೆಂದು ಭ್ರಮಿಸಲಾಗಿದೆ: ಮರದ ವಯಸ್ಸು, ತೋಪಿನ ವಯಸ್ಸು, ತೋಪಿನ ಹೆಸರಿನ ವಯಸ್ಸು. ಇವು ಒಂದರೊಡನೊಂದು ಹೊಂದಬೇಕಾದ ನಿಯಮವೇನೂ ಇಲ್ಲ. ಹೊಂದುವುದು ಅಪರೂಪವೇ ಸರಿ.

ಮೊದಲು ಶಾಸನಗಳ ಮಾತು. ಹಳಗನ್ನಡದ ‘ತೋಂಟ’ ಶಬ್ದವೂ ಅದರ ಮುಂದಿನ ರೂಪವಾದ ‘ತೋಟ’ವೂ ನಮ್ಮ ದಾನಶಾಸನಗಳಲ್ಲಿ ಹೇರಳವಾಗಿ ಬರುತ್ತವೆ. ದೇವರ ಪೂಜೆಗೆ ಹೂವು ಒದಗಿಸುವ ಹೂದೋಂಟಗಳನ್ನು ಬಿಟ್ಟುಕೊಟ್ಟ ದತ್ತಿಗಳೂ ಉಂಟು. ಕೆರೆ, ದೇವಾಲಯ, ಅಗ್ರಹಾರ, ನಿಧಿ, ಪುತ್ರ, ಕೃತಿ ಇವುಗಳ ಜೊತೆಗೆ ವನವನ್ನೂ ಸಪ್ತಸಂತಾನಗಳಲ್ಲಿ ಎಣಿಸಿದ ಸಂಪ್ರದಾಯವು ಮರ ನೆಡುವ ಕಾರ್ಯಕ್ಕೆ ಇದ್ದ ಗೌರವವನ್ನು ತೋರಿಸುತ್ತದೆ. ಇಷ್ಟನ್ನು ಒಪ್ಪಿಕೊಂಡ ಮೇಲೆ ಎಚ್ಚರ ಬೇಕಾದ ಸ್ಥಳಕ್ಕೆ ಬರೋಣ. ವಿಜಯನಗರ ಕಾಲದ ಮತ್ತು ಅದರ ಈಚಿನ ಗ್ರಾಮದಾನಗಳಲ್ಲಿ ಗದ್ದೆ, ಬೆದ್ದಲು, ತೋಟ, ತುಡಿಕೆ, ಕಾಡಾರಂಭ, ನೀರಾರಂಭ ಎಂಬ ಪದಸರಣಿಯು ಮತ್ತೆಮತ್ತೆ ಬರುತ್ತದೆ. ಇದನ್ನು ಓದಿ ಆ ಗ್ರಾಮದಲ್ಲಿ ಅಂದು ತೋಟವಿತ್ತೆಂದು ಬರೆಯುವ ರೂಢಿಯುಂಟು. ಇದು ಸಾಧುವಲ್ಲ. ಈ ಸರಣಿಯು ಗ್ರಾಮದಲ್ಲಿ ಇದ್ದುದರ ಪಟ್ಟಿಯಲ್ಲ. ಇರಬಹುದಾದುದೆಲ್ಲದರ ಮೇಲೂ ದಾನ ಪಡೆದವನಿಗೆ ಹಕ್ಕುಂಟೆಂದು ಹೇಳುವ ಲೇಖನಪದ್ಧತಿ. ಇಂದಿನ ಕ್ರಯಪತ್ರಗಳಲ್ಲಿ ನಿಧಿ ನಿಕ್ಷೇಪಗಳನ್ನು ಸೇರಿಸಿ ಬರೆಯುವ ವಾಡಿಕೆ ಇನ್ನೂ ಉಳಿದಿದೆ. ಅಷ್ಟರಿಂದ ಮಾರಿದ ಪ್ರತಿ ನಿವೇಶನದಡಿಯಲ್ಲೂ ಹೊನ್ನಿನ ಕೊಪ್ಪರಿಗೆಯಿದೆಯೆಂದು ಯಾರೂ ಅಗೆಯಲು ಹೋಗುವುದಿಲ್ಲವಷ್ಟೆ.

ಇದಕ್ಕೆ ಪ್ರತಿಯಾಗಿ ಅದೇ ಶಾಸನಗಳ ಎಲ್ಲೆಯ ಭಾಗವು ಹೆಚ್ಚು ನಂಬತಕ್ಕುದು. ಮೂಡಲು ಇಂತಹ ಮರ, ತೆಂಕಲು ಇಂತಹ ಗುಂಡು, ಪಡುವಲು ಇಂತಹ ಹಳ್ಳ ಎಂದು ಹೇಳುವಾಗ ಬರೆದವನ ಕಣ್ಣೆದುರು ನಿಜವಾದ ನೆಲವಿರುತ್ತದೆ. ತಪ್ಪು ಬರೆದರೆ ಮರುದಿನವೇ ವ್ಯಾಜ್ಯ. ದುರದೃಷ್ಟವಶಾತ್ ಎಲ್ಲೆಯ ಮರವು ಒಂಟಿ ಮರ, ತೋಪಲ್ಲ. ಹೀಗಾಗಿ ನಾವು ಹುಡುಕುವ ವಸ್ತುವಿಗೆ ಶಾಸನದ ನಂಬತಕ್ಕ ಭಾಗವು ಮೌನವಾಗಿಯೂ, ಮಾತಾಡುವ ಭಾಗವು ನಂಬಲು ಅರ್ಹವಲ್ಲದ್ದಾಗಿಯೂ ಪರಿಣಮಿಸುತ್ತದೆ.

ಸ್ಥಳನಾಮಗಳ ಬಗೆಗೆ ದೀರ್ಘವಾಗಿ ಬರೆಯುವ ಅಗತ್ಯವಿಲ್ಲ. ಹಲಸೂರು, ಹುಣಸೂರು ಮೊದಲಾದ ಹೆಸರುಗಳಲ್ಲಿ ಮರಗಳ ಹೆಸರು ಕೇಳಿಸುವುದು ನಿಜವೇ. ಆದರೆ ಊರಿಗೆ ಹೆಸರಾಗಲು ಒಂದೇ ಮರ ಸಾಕು, ತೋಪೇ ಬೇಕೆಂದಿಲ್ಲ. ಎಲ್ಲೆಲ್ಲೂ ಹುಣಸೆಯಿರುವ ನಾಡಿನಲ್ಲಿ ಒಂದು ಊರನ್ನು ಹುಣಸೆಯಿಂದ ಗುರುತಿಸಿದ್ದಾರೆಂದರೆ ಅಲ್ಲಿದ್ದ ಆ ಒಂದು ಮರವು ಅಸಾಧಾರಣವಾಗಿತ್ತೆಂದೂ ಊಹಿಸಬಹುದು. ಇನ್ನು ‘ಗುಂಡುತೋಪು’ ಎಂಬ ಹೆಸರಿನಲ್ಲಿ ಫಿರಂಗಿಯನ್ನೂ ಅದರ ಗುಂಡನ್ನೂ ಕಂಡು, ಅಲ್ಲಿ ಟಿಪ್ಪುವಿನ ಸೈನ್ಯ ಬೀಡುಬಿಟ್ಟಿತ್ತೆಂದು ಕಥೆ ಕಟ್ಟುವವರಿಗೆ ಒಂದು ಮಾತು: ಮರಗಳ ತೋಪು ದ್ರಾವಿಡ ಶಬ್ದ, ತಮಿಳಿನ ‘ತೋಪ್ಪು’ವಿನ ಒಡಹುಟ್ಟು, ಫಿರಂಗಿಯ ತೋಪು ತುರ್ಕಿಯಿಂದ ಬಂದುದು. ಉಚ್ಚಾರಣೆ ಒಂದಾದ ಮಾತ್ರಕ್ಕೆ ಮಾವಿನ ಮರದಡಿಯಲ್ಲಿ ಮದ್ದುಗುಂಡನ್ನು ಇಳಿಸಬೇಕಾಗಿಲ್ಲ.

ಐತಿಹ್ಯವೂ ಮರವೂ ಎದುರುಬದುರಾಗಿ ನಿಲ್ಲುವ ಉತ್ತಮ ನಿದರ್ಶನವು ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆಯ ತೋಪು. ಐವತ್ತು ಎಕರೆಗೂ ಮಿಕ್ಕ ನೆಲದಲ್ಲಿ ಸುಮಾರು 300 ಹುಣಸೆ ಮರಗಳು, ನಡುವೆ ಚೆನ್ನಕೇಶವ ದೇವಾಲಯದ ಅವಶೇಷ. ಇದನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲನೆಯ ಸ್ಥಳವಿದು. ತೋಪನ್ನು ಕುರಿತ ಬರಹಗಳಲ್ಲಿ ಇದು ಎಂಟುನೂರು ವರ್ಷಗಳ ಹಿಂದಿನ ಚೋಳರ ಕಾಲದ್ದೆಂಬ ಮಾತು ತಪ್ಪದೆ ಬರುತ್ತದೆ. ಅಲ್ಲಿಯ ಮರಗಳನ್ನು ನೋಡಿದವರಿಗೆ ಹಾಗೆನ್ನಿಸುವುದು ಸಹಜ. ಬುಡಗಳು ಗಂಟುಗಟ್ಟಿ, ಒಡಲು ಪೊಳ್ಳಾಗಿ, ಮರವೆನ್ನುವುದಕ್ಕಿಂತ ಬಂಡೆಯೆನ್ನಬೇಕಾದ ಆಕಾರವನ್ನು ತಳೆದಿವೆ.

ಆದರೆ ಕಾಲಗಣನೆಯನ್ನು ಸ್ವಲ್ಪ ನೋಡೋಣ. ಚೋಳರು ತಲಕಾಡನ್ನು ಹಿಡಿದುದು 1004ರ ಸುಮಾರಿನಲ್ಲಿ. ಹೊಯ್ಸಳ ವಿಷ್ಣುವರ್ಧನನು ಅದನ್ನು ಅವರಿಂದ ಕಸಿದುಕೊಂಡುದು 1116ರ ಸುಮಾರಿನಲ್ಲಿ. ಇಂದಿನಿಂದ ಎಂಟುನೂರು ವರ್ಷ ಹಿಂದಕ್ಕೆ ಎಣಿಸಿದರೆ ನಾವು ನಿಲ್ಲುವುದು ಹದಿಮೂರನೆಯ ಶತಮಾನದ ಆದಿಯಲ್ಲಿ. ಆಗ ಗಂಗವಾಡಿಯಲ್ಲಿ ಆಳುತ್ತಿದ್ದವರು ಹೊಯ್ಸಳರು, ಚೋಳರಲ್ಲ. ಅಂದರೆ ಐತಿಹ್ಯವು ಹೇಳುವ ಸಂಖ್ಯೆಯೂ ಅದು ಹೇಳುವ ರಾಜವಂಶವೂ ಒಂದನ್ನೊಂದು ಒಪ್ಪುವುದಿಲ್ಲ. ಇಷ್ಟು ಸರಳವಾದ ವಿರೋಧವನ್ನು ಯಾರೂ ಎತ್ತಿ ಹೇಳದಿರುವುದು, ಆ ವಾಕ್ಯವನ್ನು ಒಬ್ಬರಿಂದೊಬ್ಬರು ನಕಲುಮಾಡಿಕೊಂಡು ಬಂದಿರುವುದಕ್ಕೆ ಸಾಕ್ಷಿಯಾಗಿದೆ.

ಮರಗಳ ಸಾಕ್ಷ್ಯವು ಇನ್ನೂ ಈಚಿನದು. ಅಲ್ಲಿಯ ಅತ್ಯಂತ ಹಳೆಯ ಮರಕ್ಕೆ ನಾನೂರು ವರ್ಷಕ್ಕೆ ಮೇಲ್ಪಟ್ಟ ವಯಸ್ಸನ್ನು ಹೇಳಿರುವುದುಂಟು. ಅದನ್ನು ಒಪ್ಪಿದರೂ ನಾವು ಮುಟ್ಟುವುದು 1600ರ ಆಸುಪಾಸನ್ನು. ಇಂತಹ ಎಣಿಕೆಗಳಿಗೂ ಮಿತಿಯುಂಟು: ಮುದಿ ಮರದ ಒಡಲು ಪೊಳ್ಳಾದಾಗ ಅದರ ಅತ್ಯಂತ ಹಳೆಯ ಕಟ್ಟಿಗೆಯೇ ಇಲ್ಲವಾಗುವುದರಿಂದ, ದೊರೆತ ಸಂಖ್ಯೆಯನ್ನು ಕೆಳಗಣ ಮಿತಿಯೆಂದು ಮಾತ್ರ ತಿಳಿಯಬೇಕು. ಮೇಲಾಗಿ ಉರುಳಿದ ಮರದ ಬುಡದಿಂದ ಹೊಸ ಕಾಂಡವು ಎದ್ದರೆ ಅದನ್ನು ಹಳೆಯ ಮರವೆನ್ನಬೇಕೋ ಹೊಸ ಮರವೆನ್ನಬೇಕೋ ಎಂಬುದು ಇತಿಹಾಸಕಾರನು ಒಬ್ಬನೇ ಬಿಡಿಸಲಾಗದ ಒಗಟು. ಹೀಗಿದ್ದರೂ, ಮರಗಳಿಗೆ ಹತ್ತಿರವಾದ ಕಾಲದಲ್ಲಿ ಆ ನೆಲವನ್ನು ಆಳುತ್ತಿದ್ದವರು ಯಾರೆಂದು ಕೇಳಿದರೆ ಉತ್ತರವು ಸಿದ್ಧವಾಗಿದೆ. ದೇವನಹಳ್ಳಿಯ ಕೋಟೆಯನ್ನು 1501ರಲ್ಲಿ ಕಟ್ಟಿಸಿದನೆನ್ನಲಾದ ಮಲ್ಲಭೈರೇಗೌಡನ ವಂಶದವರು, ಆವತಿಯ ನಾಡಪ್ರಭುಗಳು. ತೋಪನ್ನು ಅವರೇ ನೆಡಿಸಿದರೆಂದು ಈ ಲೇಖಕನು ಸಾಧಿಸಹೊರಟಿಲ್ಲ. ಅದಕ್ಕೆ ಲಿಖಿತ ಪ್ರಮಾಣ ಬೇಕು. ಆದರೆ ಕಾಲ ದೇಶಗಳೆರಡೂ ಹೊಂದುವ ಸ್ಥಳೀಯ ಪ್ರಭುಗಳನ್ನು ಬಿಟ್ಟು, ಕಾಲವು ಹೊಂದದ ಚಕ್ರವರ್ತಿಗಳನ್ನು ಹಿಡಿದುಕೊಳ್ಳುವ ಚಪಲವು ನಮ್ಮ ಸ್ಥಳಚರಿತ್ರೆಗಳ ಹಳೆಯ ವ್ಯಾಧಿ. ಹಳ್ಳಿಯ ಗೌಡನೊಬ್ಬನು ಮುನ್ನೂರು ಮರ ನೆಡಿಸಿದನೆಂದರೆ ಚರಿತ್ರೆಯ ಘನತೆ ಕುಗ್ಗುತ್ತದೆಂದು ಭಾವಿಸಿದಂತೆ ಕಾಣುತ್ತದೆ.

ನಲ್ಲೂರಿನಲ್ಲಿ ಮರವಿದೆ, ಲೇಖವಿಲ್ಲ. ಶ್ರೀರಂಗಪಟ್ಟಣದ್ದು ಇದಕ್ಕೆ ವಿಪರೀತವಾದ ಪ್ರಸಂಗ. ಅಲ್ಲಿ ಲೇಖವಿದೆ, ಮರವಿಲ್ಲ. ದ್ವೀಪದ ಪೂರ್ವ ತುದಿಯಲ್ಲಿ ಗಂಜಾಮಿನ ಬಳಿ ಇದ್ದ ಲಾಲ್‌ಬಾಗು ಹೈದರ್ ಅಲಿಯ ಗೋರಿಯನ್ನು ಒಳಗೊಂಡ ತೋಟ. ಇಂದು ಗುಂಬಜಿಗೆ ಹೋಗುವ ದಾರಿಯ ಇಕ್ಕೆಲಗಳ ಮರಗಳನ್ನು ತೋರಿಸಿ ಇವು ಸುಲ್ತಾನನ ಕಾಲದ ಉದ್ಯಾನದ ಉಳಿಕೆಯೆಂದು ಹೇಳುವ ಮಾರ್ಗದರ್ಶಿಗಳಿಗೆ ಕೊರತೆಯಿಲ್ಲ. ಆದರೆ 1792ರ ಯುದ್ಧದಲ್ಲಿ ಪಾಲ್ಗೊಂಡು ಮರುವರ್ಷವೇ ಅದರ ವೃತ್ತಾಂತವನ್ನು ಲಂಡನ್ನಿನಲ್ಲಿ ಪ್ರಕಟಿಸಿದ ಮೇಜರ್ ಡಿರಮ್ ಎಂಬವನು ಬೇರೆಯೇ ಸಂಗತಿಯನ್ನು ತಿಳಿಸುತ್ತಾನೆ. ಫೆಬ್ರವರಿ 6ರ ರಾತ್ರಿಯ ದಾಳಿಯ ತರುವಾಯ ಕಾರ್ನ್‌ವಾಲಿಸನ ಸೈನ್ಯವು ದ್ವೀಪದಲ್ಲಿ ನೆಲೆಯೂರಿದಾಗ, ಕೋಟೆಯ ಮುತ್ತಿಗೆಗೆ ಬೇಕಾದ ಕಟ್ಟಿಗೆಯ ಕಂತೆಗಳನ್ನೂ ಮಣ್ಣು ತುಂಬುವ ಹೆಣಿಗೆಯ ಬುಟ್ಟಿಗಳನ್ನೂ ಮಾಡಲು ಆ ತೋಟದ ಮರಗಳನ್ನೇ ಕಡಿದರು. ಸಾಲುಸಾಲಾಗಿ ಬೆಳೆಸಿದ್ದ ಸೈಪ್ರೆಸ್ ಮರಗಳು ಅದಕ್ಕೇ ಹೋದವು. ತೋಟದ ಅರಮನೆಯು ಗಾಯಾಳುಗಳ ಆಸ್ಪತ್ರೆಯಾಯಿತು. ಶತ್ರುಪಕ್ಷದವನೇ ತನ್ನ ಪಕ್ಷದ ಕೃತ್ಯವನ್ನು ಖೇದದಿಂದ ಬರೆದಿರುವುದರಿಂದ ಈ ಸಾಕ್ಷ್ಯಕ್ಕೆ ವಿಶೇಷ ಬೆಲೆಯುಂಟು.

ಆದುದರಿಂದ ಗಂಜಾಮಿನ ಲಾಲ್‌ಬಾಗಿನಲ್ಲಿ 1792ಕ್ಕೆ ಹಿಂದಿನ ಮರವಿದೆಯೆನ್ನುವವರು, ಅದು ಆ ಕೊಡಲಿಯಿಂದ ತಪ್ಪಿಸಿಕೊಂಡ ಬಗೆಯನ್ನು ಮೊದಲು ವಿವರಿಸತಕ್ಕದ್ದು. ಹಾಗೆಂದು ಅಲ್ಲಿ ಹಳೆಯ ತೋಟದ ಕುರುಹೇ ಇಲ್ಲವೆನ್ನಲಾಗದು. ಗುಂಬಜು ತಾನಿದ್ದಲ್ಲಿಯೇ ಇದೆ, ಅದಕ್ಕೆ ನೇರವಾಗಿ ಬರುವ ಹಾದಿಯ ಗೆರೆ ಇದೆ, ತೋಟಕ್ಕೆಂದು ಬಿಟ್ಟ ನೆಲ ಇದೆ. ಮತ್ತೊಂದು ಕುರುಹು ಇನ್ನೂ ವಿಚಿತ್ರವಾದುದು. ಅಂಜೂರದ ತಳಿಯೊಂದಕ್ಕೆ ನಮ್ಮ ತೋಟಗಾರಿಕೆಯ ಗ್ರಂಥಗಳಲ್ಲಿ ‘ಗಂಜಾಂ’ ಎಂಬುದೇ ಹೆಸರು. ಮರ ಹೋಯಿತು, ತೋಟ ಹೋಯಿತು, ಊರಿನ ಹೆಸರು ಹಣ್ಣಿಗೆ ಅಂಟಿಕೊಂಡು ಬೇರೆ ಊರುಗಳ ತೋಟಗಳಲ್ಲಿ ಬದುಕಿದೆ. ಇದು ಸುಲ್ತಾನನ ತೋಟದಿಂದಲೇ ಹೊರಟ ತಳಿಯೆಂದು ಹೇಳುವ ಆತುರ ಬೇಡ. ಗಂಜಾಮಿನ ನೆಲದಲ್ಲಿ ಅಂಜೂರದ ಬೆಳೆಯು ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತೆಂಬಷ್ಟನ್ನು ಮಾತ್ರ ಹೆಸರು ಸಾಕ್ಷಿ ಹೇಳುತ್ತದೆ.

ಈ ಗಂಜಾಮಿಗೆ ಜನವನ್ನು ತುಂಬಲು ಟಿಪ್ಪುವು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ರೈಸ್ ಅವರ ಗೆಜೆಟಿಯರಿನಲ್ಲಿದೆ. ಶಿರಾದ ಪ್ರಸ್ತಾಪ ಬಂದುದರಿಂದ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬಹುದು. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಖಾನ್‌ಬಾಗಿನಿಂದ ಸೂಚನೆ ದೊರೆತಿರಬಹುದೆಂದು ರೈಸ್ ಅವರು ಊಹಿಸಿದ್ದಾರೆ. ಅವರದು ‘ಇರಬಹುದು’. ಅವರ ಬಳಿಕ ಬರೆದವರ ಕೈಯಲ್ಲಿ ಅದು ‘ಇದೆ’ಯಾಗಿ, ಹೈದರನು ಶಿರಾವನ್ನು ಗೆದ್ದು ಅಲ್ಲಿಯ ತೋಟವನ್ನು ಕಂಡು ಮೆಚ್ಚಿ ಲಾಲ್‌ಬಾಗನ್ನು ಮಾಡಿಸಿದನೆಂಬ ಕಥೆಯಾಗಿ ಬೆಳೆದಿದೆ. ಲಾಲ್‌ಬಾಗಿನ ಆರಂಭವನ್ನು 1760 ಎಂದು ಎಲ್ಲರೂ ಹೇಳುತ್ತಾರೆ. ಶಿರಾ ಹೈದರನ ವಶವಾದುದು 1761ರಲ್ಲಿ. ಕಥೆಯ ಕಾರ್ಯವು ಕಾರಣಕ್ಕಿಂತ ಒಂದು ವರ್ಷ ಮುಂದಾಗಿಯೇ ಜರುಗಿದಂತಾಯಿತು. ಹೈದರನ ತಂದೆ ಫತೆ ಮಹಮ್ಮದನು ಶಿರಾದ ಸುಬೇದಾರರ ಸೇವೆಯಲ್ಲಿದ್ದವನಾದುದರಿಂದ ಮಗನಿಗೆ ಆ ತೋಟದ ಪರಿಚಯ ಮೊದಲೇ ಇದ್ದಿರುವುದು ಸಂಭವನೀಯ, ಮತ್ತು ಈ ದೃಷ್ಟಿಯಿಂದ ರೈಸ್ ಅವರ ಊಹೆಯು ನಿಲ್ಲುತ್ತದೆ. ನಿಲ್ಲದಿರುವುದು ಅವರ ಹಿಂಬಾಲಕರ ನಿಶ್ಚಯ.

ಅರಸರ ತೋಟಗಳನ್ನು ಬಿಟ್ಟು ಹಳ್ಳಿಯ ತೋಪಿಗೆ ಹಿಂದಿರುಗೋಣ. ಇಲ್ಲಿ ಎಲ್ಲರೂ ಆಶ್ರಯಿಸುವ ಗ್ರಂಥವು 1800-01ರಲ್ಲಿ ಮೈಸೂರು, ಕನ್ನಡ, ಮಲೆಯಾಳ ಸೀಮೆಗಳನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನನದು. ಅವನ ಶ್ರದ್ಧೆಗೆ ಎರಡನೆಯ ಮಾತಿಲ್ಲ. ಬೆಂಗಳೂರಿನ ಸುಲ್ತಾನನ ತೋಟದಲ್ಲಿ ಒಂದೊಂದು ಚೌಕಕ್ಕೆ ಒಂದೊಂದೇ ಜಾತಿಯ ಗಿಡವನ್ನು, ಇಲ್ಲಿ ಗುಲಾಬಿ ಅಲ್ಲಿ ದಾಳಿಂಬೆ ಎಂದು, ಮುಸಲ್ಮಾನರ ಪದ್ಧತಿಯಂತೆ ಬೇರ್ಪಡಿಸಿ ಬೆಳೆಸಿದ್ದುದನ್ನು ಅವನು ಕಂಡು ಬರೆದಿರುವುದು ನಮಗೆ ಅಮೂಲ್ಯವಾದುದು. ಆದರೆ ಅವನ ಬರಹದಲ್ಲಿ ರೈತರ ತೋಟಗಳು ನಾಲ್ಕು ವಿಧ: ತರಕಾರಿ ತೋಟ, ತೆಂಗಿನ ತೋಟ, ಎಲೆಯ ತೋಟ, ಹೂವಿನ ತೋಟ. ರೈಸ್ ಅವರೂ ಇದೇ ವಿಭಾಗವನ್ನು ಅನುಸರಿಸಿದ್ದಾರೆ. ಈ ನಾಲ್ಕರಲ್ಲಿ ಮಾವಿನ ತೋಪಿಗಾಗಲಿ ಹುಣಸೆಯ ತೋಪಿಗಾಗಲಿ ಸ್ಥಾನವಿಲ್ಲ. ಕಾರಣವು ಸ್ಪಷ್ಟವೆಂದು ತೋರುತ್ತದೆ. ಇದು ನೀರು ಹಾಯಿಸಿ ಬೆಳೆಯುವ, ಒಬ್ಬ ರೈತನ ಹೆಸರಿನಲ್ಲಿ ಕಂದಾಯಕ್ಕೆ ಸೇರುವ ನೆಲದ ವಿಭಾಗ. ಎಳೆಯದರಲ್ಲಿ ನಾಲ್ಕು ವರ್ಷ ಕೊಡದಲ್ಲಿ ನೀರು ಹೊತ್ತರೆ ತಲೆಮಾರುಗಳ ಕಾಲ ತಾನೇ ನಿಲ್ಲುವ ತೋಪು ಇದರೊಳಗೆ ಹಿಡಿಸಲಾರದು. ಇದನ್ನು ಗಮನಿಸದೆ, ಬುಕಾನನನ ಈ ವಿಭಾಗದಲ್ಲಿ ತೋಪಿಲ್ಲದುದರಿಂದ ಅಂದು ಹಳ್ಳಿಗಳಲ್ಲಿ ತೋಪೇ ಇರಲಿಲ್ಲವೆಂದು ವಾದಿಸಿದರೆ ಅದು ಜರಡಿಯಲ್ಲಿ ನೀರು ಅಳೆದಂತೆ.

ಟಿಪ್ಪುವಿನ ಕಂದಾಯದ ನಿಬಂಧನೆಗಳನ್ನು ಬರ್ರಿಷ್ ಕ್ರಿಸ್ಪ್ ಎಂಬವನು ಭಾಷಾಂತರಿಸಿ 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದನು. ತಪ್ಪುಮಾಡಿದ ರೈತನಿಂದ ದಂಡ ವಸೂಲು ಮಾಡುವ ಬದಲು ಊರ ಮುಂದೆ ಮಾವು ಮೊದಲಾದ ಮರಗಳನ್ನು ನೆಡಿಸಿ, ಅವು ತಕ್ಕಷ್ಟು ಎತ್ತರವಾಗುವವರೆಗೆ ಅವನಿಂದಲೇ ನೀರೆರೆಸಬೇಕೆಂಬ ವಿಧಿಯು ಆ ಕಾಲದ್ದು. ನಮ್ಮ ಗುಂಡುತೋಪುಗಳು ಬಹುವಾಗಿ ಊರ ಬಾಗಿಲಲ್ಲಿಯೇ ಇರುವುದನ್ನು ಇದರೊಡನೆ ಜೋಡಿಸಿ, ಪ್ರತಿ ತೋಪೂ ಟಿಪ್ಪುವಿನ ಆಜ್ಞೆಯ ಫಲವೆನ್ನುವುದು ಆಕರ್ಷಕವಾದ ವಾದ. ಆದರೆ ಆಜ್ಞೆಯು ಹೊರಟಿತೆಂಬುದಕ್ಕೂ ಮರವು ಬೆಳೆಯಿತೆಂಬುದಕ್ಕೂ ನಡುವೆ ಅಮಲ್ದಾರನಿದ್ದಾನೆ, ಬರಗಾಲವಿದೆ, ಆಡುಗಳಿವೆ. ಊರ ಮುಂದೆ ನೆರಳಿರಬೇಕೆಂಬುದು ಸಂತೆಗೆ ಹೋಗುವವನಿಗೂ, ದನ ತರುಬುವವನಿಗೂ, ಜಾತ್ರೆಯ ಗಾಡಿ ಬಿಡುವವನಿಗೂ ಸುಲ್ತಾನನ ಆಜ್ಞೆಯಿಲ್ಲದೆಯೇ ತಿಳಿದ ವಿಷಯ. ಆಜ್ಞೆಯು ರೂಢಿಯನ್ನು ಹುಟ್ಟಿಸಿತೋ, ಇದ್ದ ರೂಢಿಯನ್ನೇ ಆಜ್ಞೆಯು ಹಿಡಿದುಕೊಂಡಿತೋ ಎಂಬುದನ್ನು ಕೇಳದೆ ತೀರ್ಮಾನಿಸುವುದು ತರವಲ್ಲ. ಎರಡನೆಯದೇ ಹೆಚ್ಚು ಸಂಭವನೀಯವೆಂದು ಈ ಲೇಖಕನ ನಂಬಿಕೆ.

ಹಾಗಾದರೆ ನಂಬತಕ್ಕ ಪ್ರಮಾಣವು ಯಾವುದು? ಮಾವಿನ ಕಟ್ಟಿಗೆಯಲ್ಲಿ ತೇಗದಲ್ಲಿಯಂತೆ ಸ್ಪಷ್ಟವಾದ ವಾರ್ಷಿಕ ಉಂಗುರಗಳನ್ನು ಎಣಿಸಲಾಗುವುದಿಲ್ಲ. ಸುತ್ತಳತೆಯು ಮಣ್ಣು ನೀರುಗಳಿಗೆ ತಕ್ಕಂತೆ ಮೋಸಮಾಡುತ್ತದೆ. ಇಂಗ್ಲೆಂಡಿನಲ್ಲಿ ಬೇಲಿಯ ಗಿಡಗಳ ಜಾತಿಗಳನ್ನೆಣಿಸಿ ಬೇಲಿಯ ಶತಮಾನವನ್ನು ಹೇಳುವ ಒಂದು ಸೂತ್ರವಿದೆ. ಕಳ್ಳಿಯ ತುಂಡುಗಳನ್ನು ಬೇಕಾದಾಗ ಕಡಿದು ಬೇಕಾದಲ್ಲಿ ಊರುವ ನಮ್ಮ ರೈತರ ಬೇಲಿಗೆ ಅದು ಸಲ್ಲದು. ಅಮೆರಿಕದಿಂದ ಬಂದ ಕತ್ತಾಳೆಯಿರುವ ಬೇಲಿಯು 1500ಕ್ಕೆ ಈಚಿನದೆಂದು ಹೇಳಬಹುದು, ಅಷ್ಟೇ. ಆದರೆ ನೆಲವನ್ನು ನೋಡಬೇಕಾದ ಬೇರೆ ರೀತಿಗಳುಂಟು. ಮರಗಳ ಅಂತರವನ್ನು ಹಗ್ಗ ಹಿಡಿದು ಅಳೆಯಬೇಕು. ಬಿದ್ದ ಮರಗಳ ಕುಳಿಗಳನ್ನು ಗುರುತಿಸಬೇಕು. ಹಣ್ಣಿನ ಕಾಲದಲ್ಲಿ ಹೋಗಿ ಮರಮರಕ್ಕೂ ರುಚಿ ಬೇರೆಯೋ ಒಂದೆಯೋ ಎಂದು ತಿಂದು ನೋಡಬೇಕು. ಒಂದೊಂದು ಮರದ ಹಣ್ಣೂ ಬೇರೆಯಾದರೆ ಅದು ಓಟೆ ನೆಟ್ಟು ಬೆಳೆಸಿದ ತೋಪು. ಎಲ್ಲವೂ ಬಾದಾಮಿಯೋ ರಸಪುರಿಯೋ ಆದರೆ ಕಸಿ ಕಟ್ಟಿದ ಗಿಡಗಳನ್ನು ತಂದು ಮಾರಾಟಕ್ಕೆ ಬೆಳೆಸಿದ ತೋಟ. ಸಂಶೋಧನೆಯಲ್ಲಿ ಇಷ್ಟು ಸವಿಯಾದ ವಿಧಾನವು ಇನ್ನೊಂದಿರಲಾರದು. ಆದರೂ ಇದನ್ನು ಅನುಸರಿಸಿದವರು ವಿರಳ. ಬಾವಿಯನ್ನೂ ನೋಡಬೇಕು. ಎತ್ತುಗಳು ಹಿಂದುಮುಂದಾಗಿ ನಡೆಯುವ ಇಳಿಜಾರು ದಾರಿಯೂ ಹಗ್ಗ ಉಜ್ಜಿ ಸವೆದ ಕಲ್ಲೂ ಇರುವ ಕಪಿಲೆ ಬಾವಿಯು ಮರಗಳ ಮಧ್ಯೆ ಪಾಳುಬಿದ್ದಿದ್ದರೆ, ಅದು ಒಬ್ಬನ ಒಡೆತನದ ನೀರಾವರಿಯ ತೋಟವಾಗಿದ್ದಿರಬೇಕು. ಅಂತಹ ಬಾವಿಯಿಲ್ಲದ ಸಾಲುಮರಗಳು ಊರೊಟ್ಟಿನ ತೋಪಾಗಿದ್ದಿರುವ ಸಂಭವ ಹೆಚ್ಚು.

ಇವೆಲ್ಲಕ್ಕಿಂತ ಮಿಗಿಲಾಗಿ ಕಂದಾಯದ ಕಡತಗಳಿವೆ. ಮೈಸೂರು ಸಂಸ್ಥಾನದಲ್ಲಿ 1863ರ ಸುಮಾರಿಗೆ ಆರಂಭವಾದ ಸರ್ವೆಯ ಗ್ರಾಮನಕ್ಷೆಗಳೂ ಆಕಾರಬಂದುಗಳೂ ‘ಗುಂಡುತೋಪು’ ಎಂದು ಬೇರೆಯಾಗಿ ಗುರುತಿಸಿದ ನೆಲವು ಆ ಹೊತ್ತಿಗೇ ಊರಿನವರೆಲ್ಲರಿಗೂ ಸೇರಿದ ತೋಪೆಂದು ಒಪ್ಪಿತವಾಗಿತ್ತು. ಇದು ಚೋಳರಷ್ಟು ಹಳೆಯದಲ್ಲ, ಆದರೆ ಅಲ್ಲಗಳೆಯಲಾಗದ್ದು. ನಮ್ಮ ವಿದ್ವಾಂಸರು ತಾಮ್ರಪಟವೊಂದಕ್ಕಾಗಿ ಹತ್ತು ಊರು ಅಲೆಯುತ್ತಾರೆ. ತಾಲ್ಲೂಕು ಕಚೇರಿಯ ಹಳೆಯ ಆಕಾರಬಂದಿನ ಧೂಳು ಒರಸಲು ಮನಸ್ಸು ಮಾಡುವುದಿಲ್ಲ. ಇದರಿಂದಾಗುವ ಹಾನಿಯು ವಿದ್ವತ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ತೋಪಿನ ನೆಲಕ್ಕೆ ಒತ್ತುವರಿದಾರನು ಬಂದಾಗ, ‘ಇದು ಚೋಳರ ಕಾಲದ್ದು’ ಎಂಬ ಅರ್ಜಿಯು ಪ್ರತಿವಾದಿಯ ಒಂದು ಪ್ರಶ್ನೆಗೆ ಉರುಳುತ್ತದೆ. ‘ಇದು ಗುಂಡುತೋಪೆಂದು ಸರ್ವೆಯ ನಕ್ಷೆಯಲ್ಲಿದೆ’ ಎಂಬುದು ಅಷ್ಟು ಸುಲಭವಾಗಿ ಉರುಳುವುದಿಲ್ಲ. 2008ರಲ್ಲಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ದೇವನಹಳ್ಳಿಯ ಸುತ್ತಿನ ನೆಲದ ಬೆಲೆಯು ಏರಿದ ಪರಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೋಲಾರದ ಕಡೆಯ ಒಂದು ಗ್ರಾಮದಲ್ಲಿ ಈ ಲೇಖಕನು ವಿದ್ಯಾರ್ಥಿಗಳೊಡನೆ ನಕ್ಷೆ ಹಿಡಿದು ಗುಂಡುತೋಪನ್ನು ಹುಡುಕಿದಾಗ ಕಂಡದ್ದು ಶಾಲೆಯ ಕಟ್ಟಡ, ನೀರಿನ ತೊಟ್ಟಿ, ಹುಲ್ಲಿನ ಮೆದೆಗಳು. ತೋಪು ಎಲ್ಲಿ ಹೋಯಿತೆಂದು ಜಗಲಿಯ ಮೇಲಿದ್ದ ವೃದ್ಧರೊಬ್ಬರನ್ನು ಕೇಳಲಾಗಿ, ಅವರು ಕುಳಿತಲ್ಲಿಂದಲೇ ಕೈತೋರಿಸಿ, “ಮರ ಹೋದ್ರೇನು ಸ್ವಾಮಿ, ತೋಪು ಎಲ್ಲಿಗೋಯ್ತದೆ? ನೀವು ನಿಂತಿರೋದೇ ತೋಪಿನಾಗೆ” ಎಂದರು. ನಕ್ಷೆಯ ಆಯತಕ್ಕೂ ನೆಲಕ್ಕೂ ಸರಪಣಿ ಹಿಡಿದು ನೋಡಿದೆವು. ಶಾಲೆಯ ಹಿಂದಣ ಈಶಾನ್ಯದ ಮೂಲೆಯಲ್ಲಿ, ನಕ್ಷೆಯ ಗೆರೆಗಳೆರಡು ಕೂಡುವೆಡೆಗೆ ಮೂರು ಅಡಿ ಒಳಗೆ, ಒಂದು ಹುಣಸೆಯ ಮರ ಮಾತ್ರ ಉಳಿದಿತ್ತು. ಮಕ್ಕಳು ಅದರ ಬುಡದ ಪೊಟರೆಯಲ್ಲಿ ಸ್ಲೇಟುಗಳನ್ನು ಇಟ್ಟಿದ್ದರು.